ಆ ವರ್ಷ ಮಾತ್ರ

೨೩ ಮಾರ್ಚ್ ೧೯೯೭, ತ್ರಿಪ್ಪುಣಿತ್ತುರ

ಈ ಊರಿಗೆ ಬಂದು ಎರಡು ತಿಂಗಳಾಯಿತು. ಇಲ್ಲಿನ ಬೆಳಗು ತಿರುವನಂತಪುರದ ಬೆಳಗಿಗಿಂತ ಮೆತ್ತಗೆ ಬರುತ್ತದೆ. ಅಲ್ಲಿ, ನಾವಿದ್ದ ತುಂಬ ಎಂಬ ಬಡಾವಣೆಯಲ್ಲಿ, ಕಡಲು ಬಾಗಿಲು ತಟ್ಟಿ ಎಬ್ಬಿಸುತ್ತಿತ್ತು. ಇಲ್ಲಿ ನೀರು ಎಲ್ಲೋ ದೂರದಲ್ಲಿ ಯಾರದೋ ಮಾತು ಕೇಳಿಸಿಕೊಳ್ಳುತ್ತ ನಿಂತಂತೆ ನಿಂತಿರುತ್ತದೆ. ಅಲ್ಲಿನ ಮನೆಗಿಂತ ಈ ಮನೆ ದೊಡ್ಡದು, ಅಲ್ಲಿನ ಕಿಟಕಿಗಿಂತ ಇಲ್ಲಿನ ಕಿಟಕಿ ಚಿಕ್ಕದು. ಅಲ್ಲಿನ ಮೀನಿನ ವಾಸನೆಗಿಂತ ಇಲ್ಲಿನ ದೀಪದೆಣ್ಣೆಯ ವಾಸನೆ ಹಳೆಯದು. ಅಲ್ಲಿದ್ದಾಗಿನ ನನಗಿಂತ ಇಲ್ಲಿನ ನಾನು ಸ್ವಲ್ಪ ಮಬ್ಬು.

ಪಕ್ಕದ ಮನೆಯ ಮೋಹಿನಿ ಇಂದು ಗೋಡೆಯಾಚೆಯಿಂದ ಕೇಳಿದಳು. "ಅಕ್ಕಾರ, ಆ ಊರು ಛಲೋನೋ, ಈ ಊರು ಛಲೋನೋ?" ಅವರು ರೋಣದ ಕಡೆಯವರು, ಅವಳ ಗಂಡ ಉಮಾಮಹೇಶ್ವರ ನಮ್ಮವರ ಕಚೇರಿಯಲ್ಲೇ ಇದ್ದಾರೆ. ನಾನು ಕಾಲು ಗಂಟೆ ಉತ್ತರ ಹೇಳಿದೆ. ಅವಳು ರೊಟ್ಟಿಯ ಹಿಟ್ಟು ಕೈಯಲ್ಲೇ ಒಣಗಲು ಬಿಟ್ಟು ಕೇಳಿದಳು. ಕೊನೆಗೆ, "ಹಂಗಾರ ಎರಡೂ ಬ್ಯಾಡ ಅಂದಂಗಾತು" ಎಂದು ಒಳಗೆ ಹೋದಳು.

ನಮ್ಮವರು. ಬಾಯಲ್ಲಿ ಇಪ್ಪತ್ತೈದು ವರ್ಷ 'ಇವರು' ಎಂದೇ ಆಗಿದೆ. ಇಲ್ಲಿ ಯಾರೂ ಓದುವುದಿಲ್ಲ, ಹೆಸರನ್ನೇ ಬರೆಯುತ್ತೇನೆ: ಯಜ್ಞನಾರಾಯಣ. ಯಜ್ಞನ ಎಡಗಣ್ಣು ಮೊದಲಿನಿಂದಲೂ ಮಂಜು, ಈಗ ಬಲಗಣ್ಣಿಗೆ ಪೊರೆ. ಏಪ್ರಿಲ್ ಏಳಕ್ಕೆ ತಿರುವನಂತಪುರದಲ್ಲಿ, ಹಳೆಯ ಡಾಕ್ಟರ ಹತ್ತಿರವೇ ಶಸ್ತ್ರಚಿಕಿತ್ಸೆ. ಆಮೇಲೆ ಒಂದು ತಿಂಗಳು ಓದು ಬರಹ ಕೂಡದು. ಮುಂದಿನ ವರ್ಷ ನಿವೃತ್ತಿ. ಕೊನೆಯ ವರ್ಷ ಹೀಗೆ ಕಣ್ಣು ಕಟ್ಟಿಕೊಂಡು ಶುರುವಾಗುತ್ತಿದೆ.

೨ ಏಪ್ರಿಲ್

ಮೋಹಿನಿಯ ಮಗಳು ಇಂಚರಾ ಇಂದಿನಿಂದ ಇಂಗ್ಲಿಷ್ ಪಾಠಕ್ಕೆ ಬರುತ್ತಾಳೆ. ಬರುವ ಜೂನಿಗೆ ಹತ್ತನೆಯ ತರಗತಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುತ್ತಾಳೆ. ನಡುವೆ ಇಂಗ್ಲಿಷ್ ಮೇಜಿನಂತೆ ಇದೆ. ಇಬ್ಬರೂ ಅದರ ಮೇಲೆ ಕೈಯಿಟ್ಟು ಕೂರುತ್ತೇವೆ.

ಹೋಲಿಕೆಯ ವಾಕ್ಯಗಳಿಂದ ಆರಂಭಿಸಿದೆ. ಟ್ಯುಟೋರಿಯಲ್‌ನಲ್ಲಿ ಹದಿನೆಂಟು ವರ್ಷ ಕಲಿಸಿದರೂ ಬೇಸರವಾಗದ ಪಾಠ. ಒಮ್ಮೆ ಹೆಚ್ಚು ಎಂದ ಮೇಲೆ ಇನ್ನೊಮ್ಮೆ ಹೆಚ್ಚು ಎನ್ನಬಾರದು: ಟಾಲರ್ ಸಾಕು, ಮೋರ್ ಟಾಲರ್ ಬೇಡ. ಈ ಊರಿನ ಮಳೆಯನ್ನು ಆ ಊರಿನ ಮಳೆಗೆ ಹೋಲಿಸಬೇಕು, ಆ ಊರಿಗಲ್ಲ. ಗುಂಪಿನಲ್ಲಿ ಒಬ್ಬನನ್ನು ಆ ಗುಂಪಿಗೇ ಹೋಲಿಸುವಾಗ 'ಅದರ್' ಎಂಬ ಪದವನ್ನು ಮರೆಯಬಾರದು, ಮರೆತರೆ ಅವನು ತನಗಿಂತ ತಾನೇ ಎತ್ತರವಾಗಿಬಿಡುತ್ತಾನೆ. ಇದನ್ನು ಹೇಳಿದಾಗ ಇಂಚರಾ ಮೇಲೆ ನೋಡಿದಳು, ತನಗಿಂತ ಎತ್ತರವಾದವನೊಬ್ಬ ಅಲ್ಲಿ ನಿಂತಿರುವ ಹಾಗೆ.

ಅವಳು ಬರೆದ ಮೊದಲ ವಾಕ್ಯ: 'ಮೈ ಫಾದರ್ ಈಸ್ ಸ್ಲೋವರ್ ದ್ಯಾನ್ ಆಲ್ ಫಾದರ್ಸ್.'

"ಹೌದೇನೇ?" ಎಂದೆ.

"ಅದೆ ಟೀಚರ್. ಅಚ್ಛನ್ ಚೆರಿಪ್ಪಿಡಾನ್ ತನ್ನೆ ಪತ್ತು ಮಿನಿಟ್." ಅಪ್ಪನಿಗೆ ಚಪ್ಪಲಿ ಹಾಕಿಕೊಳ್ಳಲೇ ಹತ್ತು ನಿಮಿಷವಂತೆ.

'ಎನಿ ಅದರ್ ಫಾದರ್' ಎಂದು ಪೆನ್ಸಿಲ್‌ನಲ್ಲಿ ತಿದ್ದಿದೆ. ವಾಕ್ಯ ಸರಿಹೋಯಿತು.

೯ ಏಪ್ರಿಲ್, ತಿರುವನಂತಪುರ

ಆಯಿತು. ಯಜ್ಞನ ಕಣ್ಣಿನ ಮೇಲೆ ಬಿಳಿ ಹತ್ತಿ, ಅದರ ಮೇಲೆ ಮುಚ್ಚಳದಂಥ ಒಂದು ತಗಡಿನ ಗುಬುಟು. ತುಂಬದಲ್ಲಿ ನಮ್ಮ ಹಳೆಯ ಮನೆಯೊಡತಿ ಚೇಚಿಯ ಹತ್ತಿರವೇ ಇಳಿದಿದ್ದೇವೆ. ಅದೇ ಕಿಟಕಿ, ಅದೇ ಕಡಲು. ಆದರೆ ನೆನಪಿನ ಕಡಲಿಗಿಂತ ಇದು ಚಿಕ್ಕದು.

ಮಧ್ಯಾಹ್ನ ಮಲಗಿದ್ದಲ್ಲಿಂದಲೇ ನನ್ನ ಹೆಸರು ಕರೆದು ಹೇಳಿದರು, "ಇಂದೂ, ಗುಪ್ತ ವರದಿಗಳು ಮೇ ಆರರೊಳಗೆ ಹೋಗಬೇಕು. ಈ ಸಲ ಓದೋದೂ ನೀನೇ, ಬರೆಯೋದೂ ನೀನೇ."

ಇಪ್ಪತ್ತು ವರ್ಷದ ರೂಢಿ ಇದು. ಕೈಕೆಳಗಿನವರ ಬಗ್ಗೆ ವರ್ಷಕ್ಕೊಮ್ಮೆ ಮೇಲಧಿಕಾರಿ ಗುಟ್ಟಾಗಿ ಬರೆಯಬೇಕಾದ ವರದಿ. ಯಜ್ಞ ತಮ್ಮ ಇಂಗ್ಲಿಷಿನಲ್ಲಿ ಒರಟಾಗಿ ಗೀಚಿಕೊಂಡು ಮನೆಗೆ ತರುತ್ತಾರೆ, ನಾನು ಪೆನ್ಸಿಲ್‌ನಲ್ಲಿ ಅದನ್ನು ವಾಕ್ಯ ಮಾಡುತ್ತೇನೆ, ಅವರು ಶಾಯಿಯಲ್ಲಿ ನಕಲು ಮಾಡುತ್ತಾರೆ. ಅವರ ಕಚೇರಿಯಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುತ್ತಾರೆ. ಮನೆಯಲ್ಲಿ ನಾನು ಮನುಷ್ಯರನ್ನು. ಆ ಜನರಲ್ಲಿ ಹೆಚ್ಚಿನವರ ಮುಖವನ್ನೇ ನಾನು ಕಂಡಿಲ್ಲ. ಅವರು ನನಗೆ ಕವಿತೆಯಲ್ಲಿ ಬರುವ ಜನರಂತೆ: ಒಂದು ಸಾಲಿನಲ್ಲಿ ಬಂದು, ಆ ಸಾಲಿನಲ್ಲೇ ಉಳಿದುಬಿಡುವವರು.

೧೪ ಏಪ್ರಿಲ್

ವಿಷು. ವರ್ಷದ ಮೊದಲ ನೋಟ ಶುಭವಾಗಲೆಂದು ಬೆಳಗ್ಗೆ ಚೇಚಿ ನನ್ನ ಕಣ್ಣು ಮುಚ್ಚಿ ಕೈಹಿಡಿದು ಕರೆದೊಯ್ದಳು. ಕಣ್ಣು ಬಿಟ್ಟರೆ ಹಿತ್ತಾಳೆ ಉರುಳಿಯಲ್ಲಿ ಹಳದಿ ಕೊನ್ನ ಹೂ, ಸೌತೆಕಾಯಿ, ಕನ್ನಡಿ. ಕನ್ನಡಿಯಲ್ಲಿ ಮೊದಲು ಕಂಡದ್ದು ನನ್ನ ಮುಖವಲ್ಲ, ಹಿಂದೆ ಬಾಗಿಲಲ್ಲಿ ನಿಂತಿದ್ದ ಯಜ್ಞನದು, ಬಿಳಿ ಹತ್ತಿಯ ಸಮೇತ. "ಏನು ಕಾಣ್ತು?" ಎಂದು ಕೇಳಿದರು. "ನೀವು" ಎಂದೆ. "ಒಳ್ಳೇ ಶಕುನ ಬಿಡು" ಎಂದು ನಕ್ಕರು.

೨೧ ಏಪ್ರಿಲ್, ತ್ರಿಪ್ಪುಣಿತ್ತುರ

ಕಚೇರಿಯಿಂದ ಮೊಹರು ಹಾಕಿದ ಲಕೋಟೆ ಬಂತು. ಹಿಂದಿನ ವರ್ಷಗಳ ಪ್ರತಿಗಳನ್ನು ನೋಡಿ, ಅದಕ್ಕೆ ಹೊಂದುವಂತೆ ಹೊಸದನ್ನು ಬರೆಯುವುದು ಅಲ್ಲಿನ ಪದ್ಧತಿ. ಈ ವರ್ಷ ಮುಖ್ಯವಾಗಿ ಇಬ್ಬರು, ಕೃಷ್ಣಾನಂದ ಮತ್ತು ಉಮಾಮಹೇಶ್ವರ. ಇಲ್ಲಿನ ಕೊಚ್ಚಿ ಕಚೇರಿಯಲ್ಲಿ ಬಡ್ತಿಯ ಹುದ್ದೆ ಒಂದೇ. ಅದು ಸಿಗದವರು ಅಸ್ಸಾಮಿನ ಹೊಸ ಶಾಖೆಗೆ ಹೋಗಬೇಕು. ಫಾರಂನ ಕೊನೆಯಲ್ಲಿ ಎಂದಿನ ಅಂಕಣ: ಅದೇ ದರ್ಜೆಯ ಇತರರೊಂದಿಗೆ ಹೋಲಿಸಿ.

ಉಮಾಮಹೇಶ್ವರರ ಹಳೆಯ ವರದಿಗಳನ್ನು ಗಟ್ಟಿಯಾಗಿ ಓದುತ್ತ ಹೋದೆ. ತೊಂಬತ್ತಾರು: 'ಹಿ ಈಸ್ ಮೋರ್ ಕೇರ್‌ಫುಲ್ ದ್ಯಾನ್ ಕ್ವಿಕ್.' ಚುರುಕು ಎನ್ನುವುದಕ್ಕಿಂತ ಜಾಗರೂಕ ಎನ್ನಬೇಕಾದವರು. ಎಲ್ಲೋ ಕೇಳಿದ ಹಾಗಿದೆಯಲ್ಲ ಎನಿಸಿತು. ತೊಂಬತ್ತೈದು: ಬೇರೆ ಕೈಬರಹ, ಅದೇ ವಾಕ್ಯ. ತೊಂಬತ್ನಾಲ್ಕು: ಟೈಪಿನಲ್ಲಿ, ಅದೇ ವಾಕ್ಯ. ತೊಂಬತ್ತೊಂದರವರೆಗೂ ಹಾಗೇ ಇಳಿಯುತ್ತ ಹೋಯಿತು, ಮೆಟ್ಟಿಲು ಮೆಟ್ಟಿಲಾಗಿ. ಅಲ್ಲಿ, ತಳದಲ್ಲಿ, ಯಜ್ಞನ ಶಾಯಿ. ಆಗ ಉಮಾಮಹೇಶ್ವರ ತಿರುವನಂತಪುರದಲ್ಲಿ ಇವರ ಕೈಕೆಳಗೆ ಇದ್ದರು. ನಾವು ತುಂಬದಲ್ಲಿ, ಅವರು ನಗರದ ಇನ್ನೊಂದು ತುದಿಯಲ್ಲಿ. ನಾನು ಅವರನ್ನು ಕಂಡಿರಲಿಲ್ಲ.

ಅದು ನನ್ನ ವಾಕ್ಯ.

ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯುತ್ತೇನೆ: ಸಂತೋಷವಾಯಿತು. ನಾನು ಬರೆದ ಒಂದು ಕವಿತೆಯೂ ಎಲ್ಲೂ ಅಚ್ಚಾಗಲಿಲ್ಲ. ಈ ಒಂದು ಸಾಲು ಮಾತ್ರ ಯಾರ್ಯಾರದೋ ಕೈಯಲ್ಲಿ ಆರು ವರ್ಷ ಬದುಕಿದೆ. ಯಾರಿಗೂ ಅದನ್ನು ಬಿಡಲು ಮನಸ್ಸಾಗಿಲ್ಲ. ಸಂಜೆಯಿಡೀ ಅದನ್ನು ಹಾಡಿನ ಹಾಗೆ ಗುನುಗಿಕೊಂಡೆ.

೨೪ ಏಪ್ರಿಲ್

ಯಜ್ಞನ ರಜೆಯ ಕಾಗದ ಕೊಡಲು ಕಚೇರಿಗೆ ಹೋಗಿದ್ದೆ. ಉಮಾಮಹೇಶ್ವರ ಒಂದು ತಣ್ಣನೆಯ ಕೋಣೆಯಲ್ಲಿ ಕರಿಕಲ್ಲಿನ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಮೇಜಿನ ಮೇಲೆ ಉಕ್ಕಿನ ಎರಡು ಸಣ್ಣ ತುಂಡುಗಳು.

"ಬರ್ರಿ ಮೇಡಮ್. ಸರ್ ಕಣ್ಣು ಹ್ಯಾಂಗೈತ್ರಿ?"

"ಪರವಾಗಿಲ್ಲ. ಏನು ಮಾಡ್ತಿದ್ದೀರಿ?"

"ಕಾಯಾಕತ್ತೀನ್ರಿ. ಇದು ಅಂಬಲಮುಗಳ್ ಕಾರ್ಖಾನಿ ಕಡೆಯಿಂದ ಬಂದದ್ದು. ಇದು ನಮ್ಮ ಪ್ರಮಾಣದ ತುಂಡು. ಎರಡನ್ನೂ ಒಂದ ಕಲ್ಲಿನ ಮ್ಯಾಲ ಒಂದು ದಿನ ಬಿಡಬೇಕ್ರಿ. ಅದು ಬಿಸಲಾಗಿಂದ ಬಂದೈತಿ, ಇದು ತಂಪಿನಾಗ ಇತ್ತು. ಬಂದ ಕೂಡ್ಲೆ ಹೋಲಿಸಿದ್ರ ಬಿಸಲಿನ ಅಳತಿ ಬರ್ತೈತಿ, ಉಕ್ಕಿಂದಲ್ಲ."

ಕೃಷ್ಣಾನಂದ ಕಾಗದಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತ. ಕಾಸರಗೋಡಿನವನು, ಮೂವತ್ತರ ಆಸುಪಾಸು. "ನಮ್ಮ ಸಾರ್ ಉಕ್ಕಿಗೂ ನಿದ್ದೆ ಮಾಡಿಸುವವರು ಮಾರಾಯ್ರೆ. ಲಾಲಿ ಹಾಡುವುದೊಂದು ಬಾಕಿ."

"ನೀ ಹಾಡಪಾ, ನಿನ್ನ ದನಿ ಛಲೋ ಐತಿ."

"ನನ್ನ ದನಿ ಕೇಳಿದ್ರೆ ಉಕ್ಕು ಎದ್ದು ಓಡ್ತದೆ." ಆಮೇಲೆ ನನ್ನ ಕಡೆ ತಿರುಗಿ, "ನಾನು ಹತ್ತು ಮಾಡುವಾಗ ಇವರದ್ದು ಮೂರು ಆಗ್ತದೆ, ಮೇಡಂ. ಆದ್ರೆ ನನ್ನ ಹತ್ತನ್ನೂ ಇವರ ಕಣ್ಣಿಗೆ ತೋರಿಸದೆ ನಾನು ಕಳಿಸುವುದಿಲ್ಲ" ಎಂದ.

ಬಸ್ಸಿನಲ್ಲಿ ಬರುವಾಗ ಆ ಎರಡು ತುಂಡುಗಳೇ ಕಣ್ಣೊಳಗೆ. ಅವು ಒಂದರ ಪಕ್ಕ ಒಂದು ಮಲಗಿರುತ್ತವೆ, ಇನ್ನೂ ಯಾರೂ ಏನೂ ಕೇಳದ ಹೊತ್ತಿನಲ್ಲಿ.

೨೭ ಏಪ್ರಿಲ್

ಮೋಹಿನಿಯ ಅಡುಗೆಮನೆಯಲ್ಲಿ ಕೂತಿದ್ದೆ. ಅವಳು ನಿಂತುಕೊಂಡೇ ರೊಟ್ಟಿ ತಟ್ಟುತ್ತಾಳೆ, ಬೆನ್ನು ನೆಟ್ಟಗೆ, ಒಂದಿಷ್ಟು ಎಡಕ್ಕೆ ವಾಲಿಕೊಂಡು. ಬೆನ್ನಿಗೇನಾಗಿದೆ ಎಂದು ಕೇಳಿದೆ. ಮೂರು ತಿಂಗಳಿಂದ ಕೇಳಬೇಕಾಗಿದ್ದ ಮಾತು.

"ತೊಂಬತ್ತೊಂದರಾಗ ಏಳು ತಿಂಗಳು ದವಾಖಾನ್ಯಾಗ ಮಲಗಿದ್ನೆರಿ ಅಕ್ಕಾರ. ಬೆನ್ನೆಲುಬಿಗೆ ಕ್ಷಯ. ಇಂಚರಾಗ ಆಗ ಎಂಟು ವರ್ಷ. ಇವ್ರು ಮುಂಜಾನೆ ದವಾಖಾನಿ, ಆಮ್ಯಾಲ ಕಚೇರಿ, ಸಂಜಿಮುಂದ ಮತ್ತ ದವಾಖಾನಿ. ಕೆಲಸ ಹಿಂದ ಬಿದ್ದೇ ಬೀಳ್ತೈತಲ್ರಿ. ಆವತ್ತು ನಿಧಾನ ಅಂತ ಒಂದು ಹೆಸರು ಬಿತ್ತು ನೋಡ್ರಿ, ಇನ್ನೂ ಬಿಟ್ಟಿಲ್ಲ. ಅದಕ್ಕೂ ಮುಂಚೆ ಯಾರೂ ಅವ್ರನ್ನ ಹಂಗ ಅಂದಿದ್ದಿಲ್ಲ."

ನಾನು ಏನೋ ಹೇಳಬೇಕಿತ್ತು. "ಚಪ್ಪಲಿ ಹಾಕ್ಕೊಳ್ಳೋಕೇ ಹತ್ತು ನಿಮಿಷ ಅಂತಾಳಲ್ಲ ನಿಮ್ಮ ಮಗಳು" ಎಂದೆ.

ಮೋಹಿನಿ ನಕ್ಕಳು. "ಮೊದಲ ನನಗ ಹಾಕ್ತಾರ್ರಿ. ನಾ ಬಗ್ಗಾಂಗಿಲ್ಲಲ್ಲ. ಬಾರು ಬಿಗಿ ಆತೇನು, ಸಡಿಲ ಆತೇನು ಅಂತ ಕೇಳಿ ಕೇಳಿ ಹಾಕ್ತಾರ. ಆಮ್ಯಾಲ ತಮ್ಮದು." ಹಂಚಿನ ಮೇಲೆ ರೊಟ್ಟಿ ಉಬ್ಬಿತು, ಅವಳು ಬಟ್ಟೆಯಿಂದ ಮೆಲ್ಲಗೆ ಒತ್ತಿದಳು. "ಈ ಸಲ ಬಡ್ತಿ ಸಿಗಲಿಲ್ಲಂದ್ರ ಅಸ್ಸಾಂ ಅಂತ್ರಿ. ಅವ್ರೊಬ್ರ ಹೋಗಬೇಕು. ನನ್ನ ಬೆನ್ನು ಎರ್ನಾಕುಲಂ ದವಾಖಾನಿ ಬಿಟ್ಟು ದಾಟೂದಿಲ್ಲ ಅಂತೈತಿ."

ರೊಟ್ಟಿ ತಿನ್ನಲಾಗಲಿಲ್ಲ. ಎಲೆಯಲ್ಲಿ ಸುತ್ತಿಸಿಕೊಂಡು ಬಂದೆ.

೨೮ ಏಪ್ರಿಲ್

ಹಳೆಯ ಕರಡುಗಳು ಹಸಿರು ಟ್ರಂಕಿನಲ್ಲಿವೆ. ಇಂದು ತೆರೆಯಲಿಲ್ಲ.

೩೦ ಏಪ್ರಿಲ್

ತೆರೆದೆ.

ಆ ಕಾಗದಗಳನ್ನು ನಾನು ಕಾಪಾಡಿದ್ದು ವರದಿಗಳಿಗಾಗಿ ಅಲ್ಲ, ಬೆನ್ನಲ್ಲಿ ಕವಿತೆಗಳನ್ನು ನಕಲು ಮಾಡಿಕೊಂಡಿದ್ದಕ್ಕಾಗಿ. ನೆಲದ ಮೇಲೆ ಹರಡಿ ಒಂದೊಂದೇ ತಿರುಗಿಸಿದೆ. ಒಂದು ಕಡಲಿನ ಕವಿತೆಯ ಬೆನ್ನಿಗೆ ಸಿಕ್ಕಿತು. ಯಜ್ಞನ ಗೀಚು ಹೀಗಿದೆ: ಉಮಾಮಹೇಶ್ವರ, ಬಹಳ ಜಾಗರೂಕ. ಈ ವರ್ಷ ನಿಧಾನ. ಮನೆಯಲ್ಲಿ ತೊಂದರೆ.

'ಈ ವರ್ಷ' ಎಂಬುದರ ಮೇಲೆ ನನ್ನ ಪೆನ್ಸಿಲಿನ ಗೆರೆ. 'ಮನೆಯಲ್ಲಿ ತೊಂದರೆ' ಎಂಬುದರ ಮೇಲೆ ಇನ್ನೊಂದು. ಕೆಳಗೆ ನನ್ನ ವಾಕ್ಯ, ಅದರ ಮೇಲೆ ಸಣ್ಣ ಸಣ್ಣ ಚುಕ್ಕೆಗಳು. ಛಂದಸ್ಸು ಎಣಿಸಿದ್ದೇನೆ. ಆ ಮಧ್ಯಾಹ್ನ ನೆನಪಾಯಿತು, ಕಿಟಕಿಯಲ್ಲಿ ಕಡಲು, ಬಾಯಲ್ಲಿ ಆ ಸಾಲು. ಆ ಪದಗಳಿದ್ದರೆ ವಾಕ್ಯ ಕುಂಟುತ್ತಿತ್ತು. ಅದಕ್ಕೇ ತೆಗೆದೆ.

ವಾಕ್ಯದಲ್ಲಿ ಇಂದಿಗೂ ಒಂದು ತಪ್ಪಿಲ್ಲ. ಒಬ್ಬ ಮನುಷ್ಯನ ಒಂದು ವರ್ಷದ ಕಷ್ಟವನ್ನು ಅವನ ಸ್ವಭಾವ ಮಾಡಿ ಕಳಿಸಿದೆ, ಅಷ್ಟೆ.

೩ ಮೇ

ಯಜ್ಞ ನಾನು ಬೆರಳು ಇಟ್ಟಲ್ಲಿ ಸಹಿ ಮಾಡುತ್ತಾರೆ. ಏನು ಬರೆದಿದೆ ಎಂದು ಅವರಿಗೆ ಕಾಣುವುದಿಲ್ಲ. ಹಳೆಯ ವಾಕ್ಯವನ್ನೇ ಓದಿ ಹೇಳಿ, ಕಾಗದದಲ್ಲಿ ಬೇರೆಯದನ್ನು ಬರೆದುಬಿಡಬಹುದು. ಎರಡು ದಿನ ಅದನ್ನೇ ಮಾಡಲು ಕೂತೆ. ಉಮಾಮಹೇಶ್ವರರು ಇತರ ಎಲ್ಲರಿಗಿಂತ ನಂಬಿಕಸ್ಥರು ಎಂದು ಬರೆದೆ. ಇತರ ಎಲ್ಲರಲ್ಲಿ ಇನ್ನೊಬ್ಬನೇ ಇರುವುದು, ಲಾಲಿಯ ಮಾತಾಡಿದ ಹುಡುಗ. ಒಬ್ಬರನ್ನು ಎತ್ತಿದಲ್ಲೆಲ್ಲ ಇನ್ನೊಬ್ಬನ ಹೆಗಲು ಬೇಕಾಯಿತು. ಹರಿದು ಹಾಕಿದೆ.

ಸಂಜೆ ಕಾಫಿ ಕೊಟ್ಟು ಟ್ರಂಕಿನ ಕಾಗದವನ್ನು ಓದಿ ಹೇಳಿದೆ. ಎರಡು ಗೆರೆಗಳ ಬಗ್ಗೆಯೂ.

ಯಜ್ಞ ಲೋಟ ಕೆಳಗಿಟ್ಟರು. "ಮನೇಲಿ ತೊಂದರೆ ಅಂತ ಬರೆದಿದ್ದೆನಾ ನಾನು?"

"ಬರೆದಿದ್ರಿ. ನಾನು ತೆಗೆದೆ."

"ಯಾಕೆ?"

"ಕಿವಿಗೆ ಚೆನ್ನಾಗಿರಲಿಲ್ಲ."

ಹೊರಗೆ ಇಂಚರಾ ಯಾರನ್ನೋ ಮಲಯಾಳದಲ್ಲಿ ಗದರಿಸುತ್ತಿದ್ದಳು. ಆಮೇಲೆ ಯಜ್ಞ ಹೇಳಿದರು, "ನೀನು ಬರೆದದ್ದು ಪೆನ್ಸಿಲ್‌ನಲ್ಲಿ. ಶಾಯಿ ನನ್ನದು. ಆಸ್ಪತ್ರೆಗೆ ಹೋಗಿ ಆ ಹೆಂಗಸನ್ನ ನೋಡ್ಕೊಂಡೂ ಬಂದಿದ್ದೆ ನಾನು. ನಕಲು ಮಾಡುವಾಗ ನನ್ನ ತಲೆ ಎಲ್ಲಿತ್ತು?"

"ನಾಳೆ ಮೋಹಿನಿಗೆ ಹೇಳ್ತೀನಿ."

"ಬೇಡ. ಗುಪ್ತ ಅನ್ನೋದಕ್ಕಲ್ಲ. ಹೇಳಿದರೆ ನಿನ್ನ ಭಾರ ಇಳಿಯುತ್ತೆ, ಅವಳ ಮೇಲೆ ಏರುತ್ತೆ. ದಿನಾ ಗೋಡೆಯಾಚೆ ನಿನ್ನ ಮುಖ ನೋಡಬೇಕು ಅವಳು." ಲೋಟವನ್ನು ತಡವಿ ಎತ್ತಿಕೊಂಡು, "ಇಳಿಸೋ ಜಾಗ ಬೇರೆ ಇದೆ" ಎಂದರು.

೫ ಮೇ

ಬೆಳಗ್ಗೆ ಇಬ್ಬರ ವರದಿಯನ್ನೂ ಬರೆದೆ. ಕೃಷ್ಣಾನಂದ ಈ ವರ್ಷ ಏನು ಮಾಡಿದ, ಎಷ್ಟು ಉಪಕರಣ, ಯಾವ ದಿನಾಂಕ. ಉಮಾಮಹೇಶ್ವರ ಏನು ಮಾಡಿದರು, ಎಷ್ಟು, ಯಾವಾಗ. ಅವರು ಪರೀಕ್ಷಿಸಿ ಕಳಿಸಿದ್ದು ಒಂದೂ ಮರಳಿ ಬಂದಿಲ್ಲ. ಕೃಷ್ಣಾನಂದ ತನ್ನ ಕೆಲಸವನ್ನು ಅವರಿಗೆ ತೋರಿಸಿ ಕಳಿಸುತ್ತಾನೆ. ಹೋಲಿಕೆಯ ಅಂಕಣ ಖಾಲಿ ಬಿಟ್ಟೆ. ಓದಿ ಹೇಳಿದಾಗ ಯಜ್ಞ, "ಇದರಲ್ಲಿ ನಿನ್ನ ಇಂಗ್ಲಿಷೇ ಇಲ್ಲವಲ್ಲೇ" ಎಂದರು. ಸಹಿ ಮಾಡಿದರು.

ಆಮೇಲೆ ಬಿಳಿ ಹಾಳೆ ಕೇಳಿದರು. ಡಾಕ್ಟರು ಬೇಡ ಎಂದಿದ್ದಾರೆ ಎಂದೆ. "ಒಂದೇ ಹಾಳೆ" ಎಂದರು. ಗುಬುಟು ತೆಗೆದು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ತಾವೇ ಬರೆದರು. ಮುಕ್ಕಾಲು ಗಂಟೆ ಹಿಡಿಯಿತು. ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಲು ಹೋದರೆ ಬೇಡವೆಂದರು.

ಅವರು ಬರೆದದ್ದು ಇಷ್ಟು: ತೊಂಬತ್ತೊಂದರ ವರದಿಯಲ್ಲಿ ನಾನು ಒಂದು ಸಂಗತಿ ಬಿಟ್ಟಿದ್ದೆ. ಅವರ ಹೆಂಡತಿ ಏಳು ತಿಂಗಳು ಆಸ್ಪತ್ರೆಯಲ್ಲಿದ್ದರು, ನನಗೆ ಗೊತ್ತಿತ್ತು. 'ದಟ್ ಇಯರ್ ಓನ್ಲಿ ಹಿ ವಾಸ್ ಮೋರ್ ಸ್ಲೋವರ್.' ಆ ವರ್ಷ ಮಾತ್ರ. ತಪ್ಪು ನನ್ನದು, ಹೊತ್ತವರು ಅವರು.

ನಿವೃತ್ತಿಗೆ ಒಂದು ವರ್ಷವಿದೆ. ಈ ಹಾಳೆ ಇವರ ಕಡತಕ್ಕೂ ಹೋಗುತ್ತದೆ.

"ತಿದ್ದಬೇಕಾ?" ಎಂದು ಹಾಳೆಯನ್ನು ನನ್ನ ಕಡೆ ಚಾಚಿದರು. ಪೆನ್ಸಿಲ್ ನನ್ನ ಕೈಯಲ್ಲೇ ಇತ್ತು.

"ಮೊನೆ ಮುರಿದಿದೆ" ಎಂದೆ.

ಲಕೋಟೆಗೆ ಅಂಟು ಹಚ್ಚಿದೆ.

೧೨ ಜೂನ್

ಮಳೆ. ಐದು ವಾರ ಈ ಡೈರಿಯನ್ನು ಮುಟ್ಟಿರಲಿಲ್ಲ. ಯಜ್ಞನಿಗೆ ಹೊಸ ಕನ್ನಡಕ ಬಂದಿದೆ. ಅದರೊಡನೆ ಕಚೇರಿಯಿಂದ ಒಂದು ಕಾಗದವೂ ಬಂದಿದೆ, ತೊಂಬತ್ತೊಂದರ ಲೋಪಕ್ಕೆ ವಿವರಣೆ ಕೇಳಿ. ಹೊಸ ಕನ್ನಡಕದಲ್ಲಿ ಮೊದಲು ಓದಿದ್ದು ಅದನ್ನೇ. ಓದಿ ರೇಡಿಯೋದ ಕೆಳಗೆ ಇಟ್ಟರು. ಉತ್ತರವನ್ನೂ ತಾವೇ ಬರೆಯುತ್ತಾರಂತೆ.

ಕೃಷ್ಣಾನಂದ ನಿನ್ನೆ ಹೇಳಿಹೋಗಲು ಬಂದಿದ್ದ. "ಅಸ್ಸಾಮಿನಲ್ಲಿ ಉಕ್ಕು ತಣ್ಣಗೇ ಇರ್ತದಂತೆ ಮಾರಾಯ್ರೆ, ಕಾಯುವ ಕೆಲಸ ಇಲ್ಲ" ಎಂದ. ನಗು ಪೂರ್ತಿ ಬರಲಿಲ್ಲ. ಬಾಗಿಲಲ್ಲಿ ನಿಂತು, "ಇನ್ನು ನನ್ನದನ್ನು ಯಾರಿಗೆ ತೋರಿಸುವುದು?" ಎಂದ. ಚಕ್ಕುಲಿ ಕಟ್ಟಿಕೊಟ್ಟೆ. ಬೇರೆ ಏನು ಕೊಡಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಮೋಹಿನಿ ಛತ್ರಿ ಹಿಡಿದು ಗೋಡೆಯ ಹತ್ತಿರ ಬಂದಳು. "ಅಕ್ಕಾರ, ನಾವು ಇಲ್ಲೇ ಇರ್ತೀವ್ರಿ. ಆರ್ಡರ್ ಬಂತು. ಯಾರೋ ಪುಣ್ಯಾತ್ಮರು ನಮ್ಮವ್ರ ಬಗ್ಗೆ ಛಲೋ ಇಂಗ್ಲಿಷ್‌ನಾಗ ಬರದಾರಂತ. ನಿಮ್ಮ ಹತ್ರ ಕಲ್ತವ್ರ ಇರಬೇಕ."

"ಇಲ್ಲ" ಎಂದೆ. "ಅವರು ನನ್ನ ಹತ್ತಿರ ಏನೂ ಕಲಿತಿಲ್ಲ."

"ಮತ್ತ ಈಗ ಹೇಳ್ರಿ, ಆ ಊರು ಛಲೋನೋ, ಈ ಊರು ಛಲೋನೋ?"

"ಮಳೆ ಬರ್ತಿದೆ ಮೋಹಿನಿ, ಒಳಗೆ ಹೋಗಿ. ನೆನೀತೀರಿ" ಎಂದೆ. ಅವಳು ಇನ್ನೂ ಏನೋ ಕೇಳುವವಳಿದ್ದಳು, ಉಮಾಮಹೇಶ್ವರ ಕರೆದರು. ಆಸ್ಪತ್ರೆಗೆ ಹೊರಡುವ ದಿನ.

ಚಿಕ್ಕ ಕಿಟಕಿಯಲ್ಲಿ ಅವರ ಜಗುಲಿ ಕಾಣುತ್ತದೆ. ಅವರು ಒದ್ದೆ ಮೆಟ್ಟಿಲ ಮೇಲೆ ಮೊಣಕಾಲೂರಿ ಕೂತು ಅವಳ ಎಡಗಾಲಿಗೆ ಚಪ್ಪಲಿ ತೊಡಿಸಿದರು, ಏನೋ ಕೇಳಿದರು, ಬಾರು ಬಿಚ್ಚಿ ಮತ್ತೆ ಬಿಗಿದರು. ಆಮೇಲೆ ಬಲಗಾಲು. ಆಮೇಲೆ ತಮ್ಮವು. ಒಂದು ಛತ್ರಿ, ಒಂದೊಂದೇ ಮೆಟ್ಟಿಲು, ಅಂಗಳ, ಗೇಟು.

ನಾನು ನೋಡುತ್ತ ನಿಂತಿದ್ದೆ. ಹತ್ತು ನಿಮಿಷವಾಯಿತು.